ಹಳೇ ಪೇಟೆ ಅಂಗಡಿಗೆ ಕಂದಾಯ ಮಾಫಿ ಸಿಗುತ್ತಾ? 40 ಲಕ್ಷ ಹಾಕೋ ಮುಂಚೆ ಒಂದು ಲೆಕ್ಕ

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ, ಹಳೇ ಊರಿನ ಮಂಡಿಪೇಟೆ ಕಡೆ. ತಾತ ಕಟ್ಟಿಸಿದ ಎರಡು ಅಂತಸ್ತಿನ ಕಟ್ಟಡ, ಜಾಗ 20 ಅಡಿಗೆ 45. ಕೆಳಗೆ ಕಾಳಿನ ಮಂಡಿ ಇತ್ತು, ಎಂಟು ವರ್ಷದಿಂದ ಶಟರ್ ಮುಚ್ಚಿದೆ. ಮೂಲೆಯಲ್ಲಿ 120 ಚದರ ಅಡಿಯ ಚಿಕ್ಕ ಮಳಿಗೆ ಇದೆ, ಅದರಲ್ಲಿ ಅಪ್ಪನ ಕಾಲದಿಂದ ವಾಚ್ ರಿಪೇರಿಯವರು ಇದ್ದಾರೆ, ಬಾಡಿಗೆ ತಿಂಗಳಿಗೆ 400 ರೂಪಾಯಿ. ಮೇಲಿನ ಮನೆ ಖಾಲಿ. ವರ್ಷಕ್ಕೆ 14,200 ರೂಪಾಯಿ ಕಂದಾಯ ಕಟ್ಟುತ್ತೇವೆ. ಖಾತಾ ಇನ್ನೂ ತಾತನ ಹೆಸರಲ್ಲೇ ಇದೆ. ನಾನು ಮತ್ತು ನಮ್ಮ ಅತ್ತಿಗೆ ಸೇರಿ ಕೆಳಗೆ ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಘಟಕ ಮತ್ತು ಅಂಗಡಿ ತೆರೆಯಬೇಕು, ಮೇಲಿನದನ್ನು ಟ್ಯೂಷನ್‌ನವರಿಗೆ ಅಥವಾ ಆಫೀಸಿಗೆ ಬಾಡಿಗೆ ಕೊಡಬೇಕು ಅಂತ ಇದ್ದೇವೆ. ಒಟ್ಟು 40 ಲಕ್ಷ ಅಂದಾಜು, ಅದರಲ್ಲಿ 25 ಲಕ್ಷ ಸಾಲ. ಒಬ್ಬ ಏಜೆಂಟ್ "ಹಳೇ ಪೇಟೆಯಲ್ಲಿ ಬಂಡವಾಳ ಹಾಕಿದರೆ ಪಾಲಿಕೆಯಿಂದ ಐದು ವರ್ಷ ಕಂದಾಯ ಮಾಫಿ ಮಾಡಿಸಿ ಕೊಡ್ತೀನಿ, ಫೈಲಿಗೆ 50 ಸಾವಿರ ಆಗುತ್ತೆ" ಅಂತಿದ್ದಾನೆ. ಫಿಲಡೆಲ್ಫಿಯಾದಲ್ಲಿರುವ ಚಿಕ್ಕಪ್ಪನ ಮಗನೂ "ಇಲ್ಲಿ ಹಳೇ ಕಟ್ಟಡ ರಿಪೇರಿ ಮಾಡಿದರೆ ಹತ್ತು ವರ್ಷ ಟ್ಯಾಕ್ಸ್ ಇಲ್ಲ, ಅಲ್ಲೂ ಇರಬೇಕು ನೋಡು" ಅಂದ. ಇದು ನಿಜವಾ? ಮಾಫಿ ಸಿಗುವುದಾದರೆ ಧೈರ್ಯ ಮಾಡೋಣ ಅಂತ ಇದ್ದೇವೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಮಾಫಿ ಬಗ್ಗೆ. ಆದರೆ ಕೊನೆಯ ಸಾಲಿನಲ್ಲಿ ನಿಜವಾದ ಆತಂಕ ಇದೆ. ಎಂಟು ವರ್ಷ ಶಟರ್ ಮುಚ್ಚಿದ ಬೀದಿಗೆ ಮನೆಯ ದುಡ್ಡು ಹಾಕಬಹುದಾ, ಹಾಕಿದರೆ ಊರು ಜೊತೆಗೆ ನಿಲ್ಲುತ್ತಾ ಅನ್ನುವುದು. ಎರಡಕ್ಕೂ ಉತ್ತರ ಹೇಳುತ್ತೇನೆ.

ಮೊದಲು ಏಜೆಂಟ್ ವಿಷಯ. ಆ 50 ಸಾವಿರ ಕೊಡಬೇಡಿ. ಬಂಡವಾಳ ಹಾಕಿದವರಿಗೆ ಇಷ್ಟು ವರ್ಷ ಕಂದಾಯ ಇಲ್ಲ ಅಂತ ಪಾಲಿಕೆ ತಾನಾಗಿ ಹೇಳಲು ಬರುವುದಿಲ್ಲ. ನಗರಸಭೆ, ಪಾಲಿಕೆಗಳು ಯಾವ ತೆರಿಗೆ ಹಾಕಬಹುದು ಅನ್ನುವುದನ್ನು ರಾಜ್ಯದ ಶಾಸಕಾಂಗ ಕಾಯ್ದೆ ಮೂಲಕ ಕೊಡಬೇಕು ಅಂತ ಸಂವಿಧಾನದ 243ಎಕ್ಸ್ ವಿಧಿ ಹೇಳುತ್ತದೆ. ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ. ಅದಕ್ಕೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಯಾರಿಗೆ ವಿನಾಯಿತಿ ಅಂತ ಆ ಕಾಯ್ದೆಯಲ್ಲೇ ಪಟ್ಟಿ ಇದೆ. ಪೂಜಾಸ್ಥಳ, ಧರ್ಮಾರ್ಥ ಸಂಸ್ಥೆ ಇಂಥವು. ಅದರಲ್ಲಿ ರೊಟ್ಟಿ ಅಂಗಡಿ ಇಲ್ಲ, ಬಟ್ಟೆ ಅಂಗಡಿಯೂ ಇಲ್ಲ. ಆಯುಕ್ತರು ಎಷ್ಟೇ ಒಳ್ಳೆಯವರಾಗಿರಲಿ, ಆ ಪಟ್ಟಿಗೆ ನಿಮ್ಮ ಹೆಸರು ಸೇರಿಸಲು ಆಗುವುದಿಲ್ಲ. ಏಜೆಂಟ್ ಮತ್ತೆ ಬಂದರೆ ಯಾವ ಕಲಂ, ಸರ್ಕಾರಿ ಆದೇಶದ ಸಂಖ್ಯೆ ಎಷ್ಟು ಅಂತ ಎರಡೇ ಮಾತು ಕೇಳಿ. ನನ್ನ ಅನುಭವದಲ್ಲಿ ಇಂಥವರು ಮಾಡುವುದು ಒಂದೇ ಕೆಲಸ. ವಾಣಿಜ್ಯ ಕಟ್ಟಡವನ್ನು ವಾಸದ ಮನೆ ಅಂತ ಘೋಷಿಸಿ ಕಡಿಮೆ ಕಂದಾಯದ ರಸೀದಿ ತಂದು ಕೊಡುತ್ತಾರೆ. ಎರಡು ಮೂರು ವರ್ಷ ಮಾಫಿ ಆದ ಹಾಗೆ ಕಾಣುತ್ತದೆ. ಆಮೇಲೆ ಅಳತೆಗೆ ಬಂದವರು ಬೋರ್ಡು ನೋಡುತ್ತಾರೆ. ವ್ಯತ್ಯಾಸದ ಹಣ, ದಂಡ, ಬಡ್ಡಿ ಎಲ್ಲಾ ಒಟ್ಟಿಗೆ ಬರುತ್ತದೆ. ಘೋಷಣೆಗೆ ಸಹಿ ಹಾಕಿದವರು ನೀವು, ಏಜೆಂಟ್ ಅಲ್ಲ.

ಕಾನೂನು ಪ್ರಕಾರ ಎಲ್ಲರಿಗೂ ಸಿಗುವ ರಿಯಾಯಿತಿ ಒಂದಿದೆ, ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇಕಡಾ 5. ನಿಮ್ಮ 14,200ಕ್ಕೆ ಅದು 710 ರೂಪಾಯಿ. ಜುಲೈಗೆ ಹೋದರೆ ತಿಂಗಳಿಗೆ ಶೇಕಡಾ 2 ಸೇರುತ್ತಾ ಹೋಗುತ್ತದೆ. ಸಣ್ಣ ದುಡ್ಡು ಅನ್ನಿಸಬಹುದು. ಆದರೆ ಬಾಕಿ ಇಲ್ಲದ ರಸೀದಿ ಇಲ್ಲದೆ ಖಾತಾ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಆ ಖಾತಾ ನಿಮಗೆ ಎಷ್ಟು ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಈಗ ಫಿಲಡೆಲ್ಫಿಯಾ. ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸುಳ್ಳಲ್ಲ. ಅಲ್ಲಿ ಹತ್ತು ವರ್ಷದ ತೆರಿಗೆ ವಿನಾಯಿತಿ ನಿಜವಾಗಿಯೂ ಇದೆ. ಹಳೇ ಕಟ್ಟಡಗಳನ್ನು ಮನೆಗಳಾಗಿ ಬದಲಾಯಿಸುವವರಿಗೆ 1997ರಲ್ಲಿ ಶುರುವಾಗಿ, 2000ದಲ್ಲಿ ಹೊಸ ಕಟ್ಟಡಗಳಿಗೂ ಹರಡಿತು. ಆದರೆ ಅದು ಪೂರ್ತಿ ಮಾಫಿ ಅಲ್ಲ. ಜಾಗದ ಮೇಲಿನ ತೆರಿಗೆ ಕಟ್ಟಲೇಬೇಕು. ರಿಪೇರಿಯಿಂದ ಜಾಸ್ತಿಯಾದ ಬೆಲೆಯ ಮೇಲೆ ಮಾತ್ರ ವಿನಾಯಿತಿ. ಅಲ್ಲಿ ಆಸ್ತಿ ತೆರಿಗೆ ಆಸ್ತಿಯ ಪೂರ್ತಿ ಬೆಲೆಗೆ ಶೇಕಡಾ 1.4ರ ಹತ್ತಿರ. ಮೂರು ಲಕ್ಷ ಡಾಲರ್ ಬೆಲೆ ಹೆಚ್ಚಾದರೆ ವರ್ಷಕ್ಕೆ 4,200 ಡಾಲರ್ ಉಳಿಯುತ್ತದೆ. ಹತ್ತು ವರ್ಷಕ್ಕೆ ಹೆಚ್ಚಾದ ಬೆಲೆಯ ಏಳನೇ ಒಂದು ಭಾಗ ವಾಪಸ್ ಬಂದ ಹಾಗೆ. ಅಷ್ಟು ದೊಡ್ಡ ಮೊತ್ತವಾದ್ದರಿಂದ ಜನ ಅದನ್ನು ನೋಡಿಯೇ ತೀರ್ಮಾನ ಮಾಡುತ್ತಿದ್ದರು. ಅಲ್ಲಿ ಆಸ್ತಿ ತೆರಿಗೆಯ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೆ ಹೋಗುತ್ತದೆ. ಹಾಗಾಗಿ ಶಾಲೆಯ ದುಡ್ಡು ಬಿಲ್ಡರ್‌ಗೆ ಹೋಗುತ್ತಿದೆ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 2022ರಿಂದ ಹೊಸ ಮನೆಗಳಿಗೆ ಆ ವಿನಾಯಿತಿ ವರ್ಷ ವರ್ಷ ಕರಗುವ ಹಾಗೆ ಮಾಡಿದರು.

ಆ ಊರಿಗೆ ಅದು ಯಾಕೆ ಬೇಕಾಯಿತು ಅನ್ನುವುದನ್ನೂ ನೋಡಬೇಕು. 1950ರಲ್ಲಿ ಅಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. 2000ದ ಹೊತ್ತಿಗೆ 15 ಲಕ್ಷಕ್ಕೆ ಇಳಿದಿತ್ತು. ಊರಿಗೆ ಊರೇ ಖಾಲಿಯಾಗುತ್ತಿತ್ತು. ದಾವಣಗೆರೆಯ ಕಥೆ ಹಾಗಲ್ಲ. 2001ರ ಜನಗಣತಿಯಲ್ಲಿ 3.64 ಲಕ್ಷ ಇದ್ದ ಊರು 2011ಕ್ಕೆ 4.35 ಲಕ್ಷ ಆಯಿತು. ಊರು ಬೆಳೆಯುತ್ತಿದೆ, ಪೇಟೆ ಮಾತ್ರ ಸೊರಗುತ್ತಿದೆ. ಅಲ್ಲಿಯ ಔಷಧ ಇಲ್ಲಿಯ ಕಾಯಿಲೆಗೆ ಆಗುವುದಿಲ್ಲ.

ಸೊರಗಿದ್ದು ಯಾಕೆ? ಕಂದಾಯ ಜಾಸ್ತಿ ಆಯಿತು ಅಂತ ಅಂಗಡಿ ಮುಚ್ಚಿದವರನ್ನು ನಾನು ನೋಡಿಲ್ಲ. ಇಷ್ಟು ವರ್ಷ ಮಧ್ಯ ಕರ್ನಾಟಕದ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತಾ ಬಂದಿದ್ದೇನೆ, ಒಬ್ಬರೂ ಹಾಗೆ ಹೇಳಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಗಳ ಸಂಬಳದ ದಿನ ಪೇಟೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಗಿರಣಿಗಳು ಒಂದೊಂದಾಗಿ ನಿಂತವು. ಕಾಳಿನ ವ್ಯಾಪಾರ ಬಹುಪಾಲು ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು, ನಿಮ್ಮ ತಾತನ ಮಂಡಿ ನಿಂತದ್ದಕ್ಕೂ ಅದು ಒಂದು ಕಾರಣ ಇರಬೇಕು. ಮನೆಗಳು ಹೊಸ ಬಡಾವಣೆಗಳಿಗೆ ಹೋದವು, ಮನೆಯ ಹಿಂದೆ ಅಂಗಡಿಯೂ ಹೋಯಿತು. ಉಳಿದ ಕಟ್ಟಡಗಳಲ್ಲಿ ಅಣ್ಣತಮ್ಮಂದಿರ ಪಾಲು ಆಗಿಲ್ಲ, ಹಳೇ ಬಾಡಿಗೆದಾರರು ಕದಲುವುದಿಲ್ಲ. ಯಾರೂ ಮಾರುವ ಹಾಗಿಲ್ಲ, ಯಾರೂ ರಿಪೇರಿಗೆ ದುಡ್ಡು ಹಾಕುವುದಿಲ್ಲ. ಬೈಕ್ ನಿಲ್ಲಿಸಲು ಜಾಗ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆ ಬಂತು, ಬೆಳಗಾವಿ ಜೊತೆಗೆ. ಆ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ರಸ್ತೆ, ಚರಂಡಿ ಆದವು, ಅದು ಬೇಕಾಗಿಯೂ ಇತ್ತು. ಆದರೆ ಮುಚ್ಚಿದ ಶಟರಿನ ಹಿಂದಿನ ಪಾಲಿನ ಜಗಳವನ್ನು ಕಾಂಕ್ರೀಟ್ ಬಗೆಹರಿಸುವುದಿಲ್ಲ ಅಲ್ವಾ?

ಈಗ ನಿಮ್ಮ ಲೆಕ್ಕ. ಪಾಲಿಕೆ ಕಂದಾಯ ಹಾಕುವುದು ಮಾರ್ಗಸೂಚಿ ದರದ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ದರ) ಆಧಾರದಲ್ಲಿ ಬರುವ ಆಸ್ತಿ ಬೆಲೆಯ ಶೇಕಡಾ 25ರ ಮೇಲೆ, ಪೂರ್ತಿ ಬೆಲೆಯ ಮೇಲೆ ಅಲ್ಲ. ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಸ್ವಲ್ಪ ಕಳೆಯುತ್ತಾರೆ. ವಾಸಕ್ಕಿಂತ ವಾಣಿಜ್ಯಕ್ಕೆ ದರ ಜಾಸ್ತಿ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಅಂತ ಇನ್ನೂ ಹೆಚ್ಚುಕಡಿಮೆ ಕಾಲು ಭಾಗ ಸೇರುತ್ತದೆ. ಈಗ ಮೇಲಿನ ಅಂತಸ್ತು ವಾಸ ಅಂತ ಇದೆ. ಅದನ್ನು ವಾಣಿಜ್ಯಕ್ಕೆ ಬದಲಿಸಿ, ಕಟ್ಟಡವನ್ನು ಹೊಸದು ಮಾಡಿದರೆ ನಿಮ್ಮ 14,200 ಸುಮಾರು 26 ಸಾವಿರ ಆಗಬಹುದು ಅಂತ ಇಟ್ಟುಕೊಳ್ಳೋಣ. ಆ ಏಜೆಂಟ್ ಹೇಳಿದ ಮಾಫಿ ನಿಜವಾಗಿ ಸಿಕ್ಕಿತು ಅಂತಲೇ ಅಂದುಕೊಳ್ಳಿ, ಪೂರ್ತಿ ಐದು ವರ್ಷ. ಉಳಿಯುವುದು 1,30,000. ನೀವು ಹಾಕುವ 40 ಲಕ್ಷದಲ್ಲಿ ಅದು ಶೇಕಡಾ ಮೂರು ಚಿಲ್ಲರೆ.

ಈಗ ಸಾಲ ನೋಡಿ. 25 ಲಕ್ಷಕ್ಕೆ ಶೇಕಡಾ 10 ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳ ಕಂತು 33 ಸಾವಿರ. ಐದು ವರ್ಷದ ಕಂದಾಯ ಮಾಫಿ ನಿಮ್ಮ ನಾಲ್ಕು ತಿಂಗಳ ಕಂತಿಗೆ ಸಮ. ಅಂಗಡಿ ತೆರೆಯುವುದು ನಾಲ್ಕು ತಿಂಗಳು ತಡವಾದರೆ ಅಷ್ಟೂ ಹೋಯಿತು. ಬಾಗಿಲ ಮುಂದೆ ಚರಂಡಿ ಅಗೆದು ಬಿಟ್ಟರೂ ಹೋಯಿತು. ಹಾಗಾಗಿ ಮಾಫಿ ಸಿಕ್ಕರೆ ಧೈರ್ಯ ಮಾಡೋಣ ಅನ್ನುವ ಯೋಚನೆ ಬಿಟ್ಟುಬಿಡಿ. ಪೂರ್ತಿ ಕಂದಾಯ ಕಟ್ಟಿಯೂ ನಿಲ್ಲುವ ವ್ಯಾಪಾರ ಆಗಿದ್ದರೆ ಮಾತ್ರ ಕೈ ಹಾಕಿ.

ಇದು ನಿಮಗೊಬ್ಬರಿಗೆ ಹೇಳುವ ಮಾತಲ್ಲ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಟಿಮೊಥಿ ಬಾರ್ಟಿಕ್ ಅನ್ನುವ ಅರ್ಥಶಾಸ್ತ್ರಜ್ಞರು ಇಂಥ ರಿಯಾಯಿತಿಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2018ರ ಅವರ ಅಂದಾಜಿನ ಪ್ರಕಾರ, ರಿಯಾಯಿತಿ ಪಡೆದ ನೂರು ಕಂಪನಿಗಳಲ್ಲಿ ಆ ಕಾರಣಕ್ಕೇ ಅಲ್ಲಿಗೆ ಬಂದವು 2ರಿಂದ 25 ಮಾತ್ರ. ಉಳಿದವು ರಿಯಾಯಿತಿ ಇಲ್ಲದಿದ್ದರೂ ಬರುತ್ತಿದ್ದವು. ಅಷ್ಟು ದೊಡ್ಡ ತೆರಿಗೆ ಇರುವ ದೇಶದಲ್ಲೇ ಹೀಗೆ. ನಮ್ಮ ಸಣ್ಣ ಕಂದಾಯ ಮಾಫಿ ಮಾಡಿ ಪೇಟೆ ಎದ್ದೇಳುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಇನ್ನೊಂದು ಕಡೆಯಿಂದಲೂ ಯೋಚಿಸಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಊರಿನ ಆಡಳಿತದ ಕೈಯಲ್ಲಿ ಸ್ವಂತದ್ದು ಅಂತ ಉಳಿದಿರುವ ದೊಡ್ಡ ತೆರಿಗೆ ಈ ಕಂದಾಯ ಒಂದೇ. ಬೆಳಗ್ಗೆ ಐದೂವರೆಗೆ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಸಂಬಳಕ್ಕೂ, ಬೀದಿದೀಪಕ್ಕೂ ಅದರಿಂದಲೇ ಪಾಲು ಹೋಗಬೇಕು. ದೀಪ ಇಲ್ಲದ ಬೀದಿಯಲ್ಲಿ ಕಂದಾಯ ಇಲ್ಲದ ಅಂಗಡಿ ಇಟ್ಟುಕೊಂಡು ಏನು ಮಾಡುವುದು?

ಹಾಗಾದರೆ ಸರ್ಕಾರದಿಂದ ಏನೂ ಇಲ್ಲವಾ ಅಂದರೆ, ಇದೆ. ನೀವು ಹುಡುಕುತ್ತಿರುವ ಬಾಗಿಲಲ್ಲಿ ಇಲ್ಲ, ಅಷ್ಟೇ.

ನಿಮ್ಮ ಯೋಜನೆಯಲ್ಲಿ ರೊಟ್ಟಿ ಇದೆ, ಚಟ್ನಿಪುಡಿ ಇದೆ. ಅಂದರೆ ಆಹಾರ ಸಂಸ್ಕರಣೆ. ಕೇಂದ್ರದ ಪಿಎಂಎಫ್ಎಂಇ ಅನ್ನುವ, ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆಯಲ್ಲಿ ಇಂಥ ಸಣ್ಣ ಘಟಕಕ್ಕೆ ಯೋಜನಾ ವೆಚ್ಚದ ಶೇಕಡಾ 35 ಸಹಾಯಧನ, ಮಿತಿ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಇನ್ನೂ ಶೇಕಡಾ 15 ಸೇರಿಸಿ ಒಟ್ಟು ಅರ್ಧ, ಗರಿಷ್ಠ 15 ಲಕ್ಷದ ತನಕ ಮಾಡಿತು. ಹಿಟ್ಟು ಕಲಸುವ, ರೊಟ್ಟಿ ತಟ್ಟುವ, ಪ್ಯಾಕಿಂಗ್ ಮಾಡುವ ಯಂತ್ರಗಳಿಗೆ ನೀವು 8 ಲಕ್ಷ ಹಾಕಿದರೆ 4 ಲಕ್ಷ ಸಹಾಯಧನ. ಏಜೆಂಟ್ ತೋರಿಸಿದ ಮಾಫಿಯ ಮೂರು ಪಟ್ಟು! ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ (ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ), ಜಿಲ್ಲೆಯಲ್ಲಿ ಕೃಷಿ ಇಲಾಖೆ ಮೂಲಕ ಹೋಗಬೇಕು. 2025-26ರ ತನಕ ಅಂತ ಅವಧಿ ಇಟ್ಟ ಯೋಜನೆ ಇದು. ಹಾಗಾಗಿ ಮೊದಲು ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ, ಈಗ ಯಾವ ಯೋಜನೆಯಡಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಕೇಳಿ. ಅರ್ಜಿ ಅತ್ತಿಗೆಯವರ ಹೆಸರಲ್ಲಿ ಇರಲಿ ಅಂತ ನನ್ನ ಸಲಹೆ, ರೊಟ್ಟಿಯ ಕೈ ಅವರದ್ದೇ ತಾನೇ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಸಹಾಯಧನ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಮೂರು ವರ್ಷ ಇರುತ್ತದೆ. ಅಷ್ಟು ವರ್ಷ ಸಾಲದ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ ಆಗುತ್ತದೆ. ಇನ್ನೊಂದು ಇನ್ನೂ ದೊಡ್ಡದು. ನನ್ನ ಹತ್ತಿರ ಬಂದಿದ್ದ ಒಬ್ಬ ಹೆಣ್ಣುಮಗಳು ಶ್ಯಾವಿಗೆ ಯಂತ್ರ ತೆಗೆದುಕೊಂಡಿದ್ದರು. ಅಂಗಡಿಯವನು ದೀಪಾವಳಿ ಆಫರ್ ಅಂದ ಅಂತ ಸಾಲ ಮಂಜೂರಾಗುವ ಮೂರು ವಾರ ಮುಂಚೆಯೇ ದುಡ್ಡು ಕೊಟ್ಟು ಬಿಲ್ ಮಾಡಿಸಿದ್ದರು. ಆ ಬಿಲ್ಲಿನ ದಿನಾಂಕ ನೋಡಿ ಅಷ್ಟು ಮೊತ್ತವನ್ನು ಯೋಜನಾ ವೆಚ್ಚದಿಂದ ತೆಗೆದರು. ಬಿಲ್ಲನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ನನ್ನ ಮೇಜಿನ ಮುಂದೆ ಕೂತಿದ್ದರು. "ದಿನಾಂಕ ಬದಲಾಯಿಸೋಕೆ ಆಗಲ್ವಾ ಸರ್?" ಅಂದರು. ಆಗುವುದಿಲ್ಲ, ಆಗಬಾರದು. ಅವತ್ತು ನನಗೆ ಅವರಷ್ಟೇ ಸಂಕಟ ಆಯಿತು. ಹಾಗಾಗಿ ಮೊದಲು ಅರ್ಜಿ, ಆಮೇಲೆ ಮಂಜೂರಾತಿ ಪತ್ರ, ಆಮೇಲೆ ಯಂತ್ರ. ಒಂದು ಸ್ಕ್ರೂ ಕೂಡ ಮುಂಚೆ ಬೇಡ.

ರಾಜ್ಯದ ಕೈಗಾರಿಕಾ ನೀತಿ 2025-30ರ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯಕ್ಕೆ ಹಾಕಿ, ಉಳಿದ ಕಡೆಗೆ ಜಾಸ್ತಿ ಪ್ರೋತ್ಸಾಹ ಇಟ್ಟಿರುವುದು ನಿಜ. ಆದರೆ ಅದು ಮುಖ್ಯವಾಗಿ ತಯಾರಿಕೆಗೆ. ಮೇಲಿನ ಮಹಡಿಯ ಬಾಡಿಗೆ ಕಟ್ಟಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ಸಾಕು.

ಆದಾಯ ತೆರಿಗೆ ಕಡೆ ಇನ್ನೊಂದು ಲಾಭ ಇದೆ, ಬಹಳ ಜನ ನೋಡುವುದೇ ಇಲ್ಲ. ಸ್ವಂತ ವ್ಯಾಪಾರಕ್ಕೆ ಬಳಸುವ ಕಟ್ಟಡಕ್ಕೆ ಹಾಕಿದ ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ 10 ಸವಕಳಿ, ಯಂತ್ರಕ್ಕೆ ಶೇಕಡಾ 15. ಅಷ್ಟನ್ನು ಲಾಭದಲ್ಲಿ ಕಳೆದು ಉಳಿದದ್ದಕ್ಕೆ ತೆರಿಗೆ. ಅಕ್ಟೋಬರ್ ಶುರುವಿನ ಒಳಗೆ ಬಳಕೆಗೆ ಬಂದರೆ ಆ ವರ್ಷದ್ದು ಪೂರ್ತಿ ಸಿಗುತ್ತದೆ, ತಡವಾದರೆ ಅರ್ಧ. ಆದರೆ ವಹಿವಾಟಿನ ಶೇಕಡಾ 8 ಅಥವಾ 6 ಲಾಭ ಅಂತ ತೋರಿಸುವ ಸುಲಭ ಪದ್ಧತಿಗೆ ಹೋದರೆ ಸವಕಳಿ ಬೇರೆಯಾಗಿ ಸಿಗುವುದಿಲ್ಲ. ಮೊದಲ ವರ್ಷಗಳಲ್ಲಿ ಲಾಭ ಕಡಿಮೆ ಇರುತ್ತದೆ, ಆಗ ಪೂರ್ತಿ ಲೆಕ್ಕ ಬರೆಯುವುದು ಒಳ್ಳೆಯದಾ ಅಂತ ನಿಮ್ಮ ಆಡಿಟರ್ ಹತ್ತಿರ ಕೂತು ನೋಡಿ. ಬಾಡಿಗೆಗೆ ಕೊಟ್ಟ ಭಾಗಕ್ಕೆ ಸವಕಳಿ ಇಲ್ಲ, ಅಲ್ಲಿ ಬಾಡಿಗೆಯಲ್ಲಿ ಕಂದಾಯ ಕಳೆದು ಉಳಿದದ್ದರಲ್ಲಿ ಶೇಕಡಾ 30 ಬಿಡುತ್ತಾರೆ.

ಜಿಎಸ್‌ಟಿಯಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಸ್ವಂತ ಕಟ್ಟಡದ ಕೆಲಸಕ್ಕೆ ಕಟ್ಟಿದ ಜಿಎಸ್‌ಟಿ, ಆ ಖರ್ಚನ್ನು ಬಂಡವಾಳ ಅಂತ ಪುಸ್ತಕದಲ್ಲಿ ತೋರಿಸಿದರೆ, ವಾಪಸ್ ಸಿಗುವುದಿಲ್ಲ. ಮೇಲಾಗಿ ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೇ ಇಲ್ಲ. ಮಾರುವಾಗ ತೆರಿಗೆ ಇಲ್ಲ ಅಂದರೆ ಕೊಳ್ಳುವಾಗ ಕಟ್ಟಿದ್ದನ್ನು ಹೊಂದಿಸಿಕೊಳ್ಳಲೂ ಆಗುವುದಿಲ್ಲ. ಕಂಟ್ರಾಕ್ಟರ್ ಕೊಟ್ಟ ಅಂದಾಜಿನಲ್ಲಿ ಶೇಕಡಾ 18 ಸೇರಿದೆಯಾ ಅಂತ ಇವತ್ತೇ ಕೇಳಿ. 20 ಲಕ್ಷದ ಕೆಲಸಕ್ಕೆ ಅದೊಂದೇ 3,60,000. ನೀವು ಕಂದಾಯದ 1,30,000ದ ಹಿಂದೆ ಓಡುವಾಗ ಇದು ಸದ್ದಿಲ್ಲದೆ ಬಂದು ಕೂರುತ್ತದೆ.

ನಿಜವಾದ ಅಪಾಯ ನಿಮ್ಮ ಪತ್ರದ ಮಧ್ಯದಲ್ಲಿ ಸುಮ್ನೆ ಬಂದು ಹೋದ ಒಂದು ಸಾಲಿನಲ್ಲಿದೆ. ಖಾತಾ ತಾತನ ಹೆಸರಲ್ಲಿದೆ. ಅಂದರೆ ಕಾನೂನಿನ ಕಣ್ಣಲ್ಲಿ ಅದು ತಾತನ ಎಲ್ಲಾ ವಾರಸುದಾರರದ್ದು. ಅಪ್ಪ, ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು. ಫಿಲಡೆಲ್ಫಿಯಾದವರೂ ಸೇರಿ. ಈಗ ಎಲ್ಲರೂ "ಮಾಡಪ್ಪಾ, ಒಳ್ಳೇದಾಗ್ಲಿ" ಅನ್ನುತ್ತಾರೆ, ಮನಸ್ಸಿನಿಂದಲೇ ಅನ್ನುತ್ತಾರೆ. ಮುರುಕು ಕಟ್ಟಡಕ್ಕೆ ಯಾರೂ ಪಾಲು ಕೇಳುವುದಿಲ್ಲ. 40 ಲಕ್ಷ ಹಾಕಿ ಬಾಗಿಲಿಗೆ ಬಣ್ಣ ಹೊಡೆದ ಮೇಲೆ ಕೇಳುತ್ತಾರೆ, ಮತ್ತು ಕೇಳುವ ಹಕ್ಕು ಅವರಿಗಿದೆ. ಒಂದು ಊರಿನಲ್ಲಿ ನೋಡಿದ್ದೇನೆ. ಚೆನ್ನಾಗಿ ಓಡುತ್ತಿದ್ದ ಹೋಟೆಲು, ಅಡುಗೆಮನೆಯ ಮಧ್ಯಕ್ಕೆ ಪಾಲಿನ ಗೆರೆ ಬಂತು, ಒಲೆ ಒಂದು ಕಡೆ, ನಲ್ಲಿ ಇನ್ನೊಂದು ಕಡೆ. ಕೋರ್ಟಿನಲ್ಲಿ ಹನ್ನೊಂದು ವರ್ಷ. ಮೊದಲು ವಂಶವೃಕ್ಷ ಮಾಡಿಸಿ. ಒಂದೋ ನೋಂದಾಯಿತ ವಿಭಾಗ ಪತ್ರ, ಇಲ್ಲ ಉಳಿದವರಿಂದ ಹಕ್ಕು ಬಿಡುಗಡೆ ಪತ್ರ, ಅದೂ ಆಗದಿದ್ದರೆ ಎಲ್ಲರೂ ಸಹಿ ಹಾಕಿದ ನೋಂದಾಯಿತ ದೀರ್ಘ ಅವಧಿಯ ಗುತ್ತಿಗೆ. ಆಮೇಲೆ ಇ-ಖಾತಾ. ಇದಾಗದೆ ಬ್ಯಾಂಕು ಆ ಕಟ್ಟಡದ ಮೇಲೆ 25 ಲಕ್ಷ ಕೊಡುವುದೂ ಕಷ್ಟ.

ಈಗ ದಾರಿಗಳು. ಪೂರ್ತಿ 40 ಲಕ್ಷ ಒಂದೇ ಸಲ ಹಾಕುವುದು ನನಗೆ ಇಷ್ಟವಿಲ್ಲ. ಕೆಳಗಿನ ರೊಟ್ಟಿ ಓಡುವ ಮುಂಚೆಯೇ ಮೇಲಿನ ಬಾಡಿಗೆ ಮೇಲೆ ಕಂತು ನಿಂತಿರುತ್ತದೆ. ಆ ಬೀದಿಯಲ್ಲಿ ಮೇಲಂತಸ್ತಿನ ಆಫೀಸು ಬಾಡಿಗೆಗೆ ಹೋಗುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿದ್ದೀರಾ? ಎಷ್ಟು ಮೇಲ್ಮಹಡಿ ಖಾಲಿ ಇದೆ ಅಂತ ತಲೆ ಎತ್ತಿ ಒಮ್ಮೆ ಎಣಿಸಿ.

ನನ್ನ ಕೈಯಲ್ಲಿದ್ದರೆ ಕೆಳಗಿನ ಅಂತಸ್ತು ಮಾತ್ರ, 14-15 ಲಕ್ಷದಲ್ಲಿ. ಅದರಲ್ಲಿ 8 ಲಕ್ಷ ಯಂತ್ರ, ಸಹಾಯಧನದ ದಾರಿಯಲ್ಲಿ. ಉಳಿದದ್ದು ನೆಲ, ಕರೆಂಟು, ನೀರು, ತಾರಸಿ ಸೋರುವುದನ್ನು ನಿಲ್ಲಿಸುವುದು. ಗೋಡೆ, ತೊಲೆ ಮುಟ್ಟದಿದ್ದರೆ ಹೊಸ ಕಟ್ಟಡ ಅಂತ ಲೆಕ್ಕ ಬದಲಾಗುವುದಿಲ್ಲ, ಸವಕಳಿ ಹಾಗೇ ಉಳಿಯುತ್ತದೆ, ಕಂದಾಯವೂ ಅಷ್ಟು ಏರುವುದಿಲ್ಲ. ಇದು ಮೋಸ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಘೋಷಿಸುವುದು. ಎರಡು ವರ್ಷ ನೋಡಿ ಆಮೇಲೆ ಮೇಲಕ್ಕೆ ಹೋಗಿ. ಇದರಲ್ಲೂ ಕಷ್ಟ ಇದೆ. ಕೂಲಿ ಏರುತ್ತದೆ, ಎರಡು ಸಲ ಕೆಲಸ ಮಾಡಿಸುವುದು ಜಾಸ್ತಿ ಬೀಳುತ್ತದೆ, ಮತ್ತು ಕೆಳಗೆ ಅಂಗಡಿ ನಡೆಯುವಾಗ ಮೇಲೆ ಧೂಳು ಎಬ್ಬಿಸುವುದು ಆಹಾರದ ಘಟಕಕ್ಕೆ ಒಳ್ಳೆಯದಲ್ಲ. ಆದರೂ ತಿಂಗಳಿಗೆ 33 ಸಾವಿರದ ಭಾರಕ್ಕಿಂತ ಇದು ಹಗುರ.

ಇನ್ನೊಂದು ದಾರಿ, ಮೇಲಿನದನ್ನು ಇದ್ದ ಸ್ಥಿತಿಯಲ್ಲೇ ಗುತ್ತಿಗೆಗೆ ಕೊಡುವುದು. ಬರುವವರೇ ರಿಪೇರಿ ಮಾಡಿಕೊಳ್ಳಲಿ, ನೀವು ಮೊದಲ ಹತ್ತು ಹನ್ನೆರಡು ತಿಂಗಳು ಬಾಡಿಗೆ ಬಿಡಿ. ಅವರು ಹಾಕಿದ ಬಂಡವಾಳಕ್ಕೆ ಅವರಿಗೇ ಸವಕಳಿ ಸಿಗುತ್ತದೆ. ಪತ್ರ ನೋಂದಣಿ ಮಾಡಿಸದೆ ಮಾತ್ರ ಬೀಗ ಕೊಡಬೇಡಿ. ಮಾರುವುದು ಕೊನೆಯ ದಾರಿ. ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ನಿಮ್ಮ ಬೀದಿಯವರೆಲ್ಲ ಸೇರಿ ಕೇಳಬಹುದಾದದ್ದು ಒಂದಿದೆ. ಮಾಫಿ ಅಲ್ಲ. ಹಳೇ ಕಟ್ಟಡ ರಿಪೇರಿ ಮಾಡಿದವರ ಕಂದಾಯವನ್ನು ಮೂರು ವರ್ಷ ಹಳೇ ಲೆಕ್ಕದಲ್ಲೇ ನಿಲ್ಲಿಸಿ, ಆಮೇಲೆ ಏರಿಸಿ ಅಂತ. ಪಾಲಿಕೆಗೆ ಈಗ ಬರುತ್ತಿರುವ ಒಂದು ರೂಪಾಯಿಯೂ ಹೋಗುವುದಿಲ್ಲ. ಮುಚ್ಚಿದ ಶಟರಿನಿಂದ ಮುಂದೆ ಜಾಸ್ತಿ ಬರುತ್ತದೆ. ಇದಕ್ಕೆ ಪಾಲಿಕೆಯಿಂದ ನಿರ್ಣಯ ಆಗಿ ರಾಜ್ಯ ಸರ್ಕಾರಕ್ಕೆ ಹೋಗಬೇಕು, ನಿಯಮ ಬದಲಾಗಬೇಕು. ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಪಾಲಿಕೆಯ ಕೈಯಲ್ಲೇ ಇರುವುದನ್ನು ಕೇಳಿ. ಸಂಜೆ ಐದರಿಂದ ಎಂಟರ ತನಕ ಲಾರಿ ಬೇಡ. ಬೈಕ್ ನಿಲ್ಲಿಸಲು ಗೆರೆ ಎಳೆಯಿರಿ. ಒಂದು ಸಾರ್ವಜನಿಕ ಶೌಚಾಲಯ ಬೇಕು, ಅದರಲ್ಲೂ ಹೆಂಗಸರಿಗೆ. ಶೌಚಾಲಯ ಇಲ್ಲದ ಪೇಟೆಗೆ ಹೆಣ್ಣುಮಕ್ಕಳು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ. ರೊಟ್ಟಿ, ಚಟ್ನಿಪುಡಿ ಕೊಳ್ಳುವವರು ಅವರೇ. ನನ್ನ ಮಟ್ಟಿಗೆ ಹತ್ತು ವರ್ಷದ ಮಾಫಿಗಿಂತ ಆ ಒಂದು ಶೌಚಾಲಯ ನಿಮ್ಮ ಅಂಗಡಿಗೆ ದೊಡ್ಡ ಪ್ರೋತ್ಸಾಹ.

ಸಾಲದ ಅರ್ಜಿಗೆ ಮುಂಚೆ ಒಂದು ಕೆಲಸ ಮಾಡಿ. ವಾರದ ಮಧ್ಯೆ ಒಂದು ದಿನ, ಒಂದು ಶನಿವಾರ, ಒಂದು ಅಮಾವಾಸ್ಯೆ ದಿನ, ಸಂಜೆ ಐದರಿಂದ ಎಂಟರ ತನಕ ನಿಮ್ಮ ಮುಚ್ಚಿದ ಶಟರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಎಷ್ಟು ಜನ ನಡೆದು ಹೋಗುತ್ತಾರೆ, ಅದರಲ್ಲಿ ಎಷ್ಟು ಜನರ ಕೈಯಲ್ಲಿ ಚೀಲ ಇದೆ ಅಂತ ಗೆರೆ ಹಾಕುತ್ತಾ ಎಣಿಸಿ. ಪಕ್ಕದ ವಾಚ್ ರಿಪೇರಿಯವರನ್ನೂ ಕೇಳಿ. ಅಷ್ಟು ವರ್ಷದಿಂದ ಆ ಬೀದಿಯನ್ನು ನೋಡುತ್ತಿರುವವರು ಅವರು.

ಅವರ ವಿಷಯಕ್ಕೂ ಒಂದು ಮಾತು. ನೀವು ಬರೆದಿಲ್ಲ, ಆದರೆ ಆ ಮೂಲೆ ಮಳಿಗೆ ಬಿಡಿಸಬೇಕು ಅಂತ ಮನೆಯಲ್ಲಿ ಯಾರಾದರೂ ಹೇಳುತ್ತಿರಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್ ಒಳಗಿನ ಅಂಗಡಿಗಳಿಗೆ ರಕ್ಷಣೆ ಕೊಡುತ್ತದೆ. ಅಂದರೆ ಸುಮಾರು 150 ಚದರ ಅಡಿ. ಅವರದು 120. ಅವರನ್ನು ಬಲವಂತವಾಗಿ ಎಬ್ಬಿಸಲು ಹೋದರೆ ನಿಮ್ಮ ಕಂತು ಶುರುವಾದ ಮೇಲೂ ಕೇಸು ನಡೆಯುತ್ತಿರುತ್ತದೆ. ಅದಕ್ಕಿಂತ ಮೊದಲೇ ಕೂತು ಮಾತಾಡಿ. ಕೆಲಸ ನಡೆಯುವ ಎರಡು ಮೂರು ತಿಂಗಳು ಅವರ ಮೇಜು ಎಲ್ಲಿ ಇಡಬೇಕು, ವಾಪಸ್ ಬಂದ ಮೇಲೆ ಬಾಡಿಗೆ ಎಷ್ಟು ಅಂತ ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ ಬರೆದಿಟ್ಟುಕೊಳ್ಳಿ, ಒಂದು ಪ್ರತಿ ಅವರ ಕೈಗೂ ಕೊಡಿ.